ಬಿಯಾನ್ ಅಜ್ಜ ನಡೆಯದ ಹನ್ನೊಂದು ದಿನ

ಅಕ್ಟೋಬರ್ 8, ಮಂಗಳವಾರ

ಎಂದಿನಂತೆ ಕೋಬೆಯ ಆಸ್ಪತ್ರೆ, ದುಭಾಷಿ ಸರದಿ. ಮೂವರು ರೋಗಿಗಳು. ಇಬ್ಬರು ಸಲೀಸು. ಮೂರನೆಯವರು ಬಿಯಾನ್ ಅಜ್ಜ — ಎಪ್ಪತ್ತೊಂದು, ಚೀನಾದಲ್ಲಿ ನನ್ನೂರಾದ ದಾಲಿಯನ್ನಿನವರೇ. ಮಗಳು ಬಾಣಂತಿ, ಬರಲಾಗದು. ಮಂಡಿಯ ಆಪರೇಷನ್ ಆಗಿ ಐದು ದಿನ. ನಡೆಯಲೊಲ್ಲರಂತೆ.

ವ್ಯಾಯಾಮ ಮಾಡಿಸುವ ಕುರಾಮೊತೊ ಹೇಳಿದ: "ಹೀಗೇ ಆದ್ರೆ ಮಂಡಿ ಮಡಚೋದು... ಸ್ವಲ್ಪ ಕಷ್ಟ ಆಗಬಹುದೇನೋ."

ಜಪಾನಿಯರ 'ಸ್ವಲ್ಪ ಕಷ್ಟ' ಎಂದರೆ ಬಾಗಿಲು ಮುಚ್ಚಿತೆಂದೇ. ಇಪ್ಪತ್ತೆರಡು ವರ್ಷ ಇಲ್ಲಿದ್ದೇನೆ, ಇಷ್ಟೂ ತಿಳಿಯದೇ? ಅಜ್ಜನಿಗೆ ಚೀನೀಯಲ್ಲಿ ನೇರವಾಗಿ ಹೇಳಿದೆ: "ಕಾಲು ಮರದ ತುಂಡಾಗುತ್ತೆ, ನೋಡಿ."

"ಇವರು ಹೇಳಿದ ಹಾಗೇ ಇದ್ದೀನಲ್ಲಮ್ಮಾ!"

ಹಟಮಾರಿ. ನಮ್ಮೂರ ಗಂಡಸರೇ ಹಾಗೆ. ವರದಿಯಲ್ಲಿ ಬರೆದೆ — ರೋಗಿಗೆ ಮನಸ್ಸಿಲ್ಲ.

ಅಕ್ಟೋಬರ್ 15, ಮಧ್ಯಾಹ್ನ

ವಾರ ಕಳೆದರೂ ಅಜ್ಜ ಎದ್ದಿಲ್ಲ. ಶೌಚಕ್ಕೂ ಗಾಲಿಕುರ್ಚಿ. ಶುಕ್ರವಾರದೊಳಗೆ ಸುಧಾರಿಸದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ಮಂಡಿ ಬಗ್ಗಿಸಬೇಕಂತೆ. ಅಜ್ಜನ ಹೃದಯ ಅಷ್ಟು ಗಟ್ಟಿಯಿಲ್ಲ.

ರೇಗಿತು. "ಯಾರು ನಿಮಗೆ ಮಲಗಿರಿ ಅಂದಿದ್ದು?"

ತಲೆಯ ಬಳಿ ಗೋಡೆಗೆ ಅಂಟಿಸಿದ್ದ ಕಾಗದವನ್ನು ಬಡಿದು ತೋರಿಸಿದರು. ನರ್ಸ್ ಇಸೊಬೆಯ ಕೈಬರಹ. ಆಪರೇಷನ್ನಿನ ಮರುದಿನವೇ ಅಜ್ಜ ದಡದಡನೆ ಹೊರಟರೆಂದು ಬರೆದದ್ದು — ಕಾರಿಡಾರಿನಲ್ಲಿ ಓಡುವುದು ನಿಷೇಧ. ಹೋದ ವಾರವೂ ನೋಡಿದ್ದೆ.

"ಸರಿಯಾಗೇ ಇದೆಯಲ್ಲ?"

"ಸರಿಯಾಗಿದ್ರೆ ಗಟ್ಟಿಯಾಗಿ ಓದಮ್ಮಾ! ಕಾರಿಡಾರು, ನಡೆ, ನಿಷೇಧ!"

ನಡೆ.

ಜಪಾನಿಯರೂ ಬರೆಯುವುದು ನಮ್ಮ ಚೀನೀ ಅಕ್ಷರಗಳನ್ನೇ. ಒಂದೇ ಅಕ್ಷರ. ಓಡು ಎಂಬ ಹಳೆಯ ಅರ್ಥವನ್ನು ಜಪಾನಿಯರು ಉಳಿಸಿಕೊಂಡರು. ಚೀನೀಯರಾದ ನಾವು ನಡಿಗೆಗೆ ಇಳಿದೆವು.

"ಆ ವ್ಯಾಯಾಮದ ಹುಡುಗ ದಿನಾ ಎಬ್ಬಿಸೋಕೆ ಬರ್ತಾನೆ," ಅಜ್ಜನ ವಾದ. "ಈ ಕಾಗದ ತೋರಿಸಿದ ಕೂಡ್ಲೇ ಬಗ್ಗಿ ನಮಸ್ಕಾರ ಮಾಡಿ ಹೋಗ್ತಾನೆ. ತಪ್ಪು ಅವನದೇ ಅಂತ ತಾನೆ ಅರ್ಥ?"

ದಾಲಿಯನ್ನಿನ ಡಾಕ್ಟರಾಗಿದ್ದರೆ ಮೊದಲ ದಿನವೇ ಬೈದು ಎಬ್ಬಿಸುತ್ತಿದ್ದ. ಜಗಳದಲ್ಲಿ ನಿಜ ಹೊರಬೀಳುತ್ತಿತ್ತು. ಇಲ್ಲಿ ಮರ್ಯಾದೆಯೇ ಹನ್ನೊಂದು ದಿನ ತಿಂದಿತು. ಅಲ್ಲ... ನಾನೂ ತಿಂದೆ. ಆ ಅಕ್ಷರವನ್ನು ಜಪಾನಿಯವಳಂತೆಯೇ ಓದಿದೆ.

ಸಂಜೆ 4

ವರದಿ ತಿದ್ದಿದೆ: ರೋಗಿಯ ತಪ್ಪಿಲ್ಲ, ದುಭಾಷಿ ಕೇಳಬೇಕಿತ್ತು. ಬರೆದ ಮೇಲೆ ಹಗುರ. ಇಸೊಬೆ ಹಾಸಿಗೆಯೆದುರು ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು. ಅಜ್ಜ: "ಸಾಕು ಅನ್ನಮ್ಮಾ, ಅವಳ ಸೊಂಟಕ್ಕೂ ಆಪರೇಷನ್ ಬೇಕಾದೀತು!" ಯಥಾವತ್ತಾಗಿ ಅನುವಾದಿಸಿದೆ. ಅಳುತ್ತಲೇ ನಕ್ಕಳು.

ಅಕ್ಟೋಬರ್ 18, ಶುಕ್ರವಾರ

ನನ್ನ ಸರದಿಯಲ್ಲ. ಆದರೂ ಮೂರು ದಿನವೂ ಹೋದೆ. ಮಂಡಿ ಜಡ್ಡುಗಟ್ಟಿದೆ. ನೋವಿಗೆ ಅಜ್ಜ ಹಲ್ಲು ಕಚ್ಚುತ್ತಾರೆ. ಕುರಾಮೊತೊ ಪ್ರತಿ ಸಲವೂ "ಒತ್ತಾಯವಿಲ್ಲ" ಎಂದು ಕೈ ಬಿಡುತ್ತಾನೆ.

"ಬೈಯಿರಿ, ಕುರಾಮೊತೊ ಸಾನ್."

"ಬೈಯೋಕೆ... ನನಗೆ ಬರಲ್ಲ, ಲುವಾನ್ ಸಾನ್."

ಒಂದೇ ಮಾತು ಕಲಿಸಿದೆ — ಅದೇ ಅಕ್ಷರದ ಚೀನೀ ಉಚ್ಚಾರ. ಅವನ ಕಿವಿ ಕೆಂಪಗಾದವು. ಉಸಿರೆಳೆದು ಕೂಗಿದ: "ಜೌ! ನಡೀರಿ!"

ಕಾರಿಡಾರೇ ತಿರುಗಿ ನೋಡಿತು. "ಈಗ ಮನುಷ್ಯನ ಹಾಗೆ ಮಾತಾಡ್ದ!" ಎಂದು ಅಜ್ಜ ಎದ್ದರು. ಕಿಟಕಿಯವರೆಗೆ ಹೋಗಿ ಬಂದರು, ಬೆವರಿಳಿಸುತ್ತ. ಸಂಜೆ ಡಾಕ್ಟರು ಮಂಡಿ ಅಳೆದರು. ಅರಿವಳಿಕೆ ಬೇಡವಂತೆ.

ಅಕ್ಟೋಬರ್ 24, ಬೆಳಿಗ್ಗೆ 10

ಎಲ್ಲ ವಾರ್ಡುಗಳಿಗೂ ಇಂಥ ಅಕ್ಷರಗಳ ಪಟ್ಟಿ ಕೊಡಿ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ನನಗಿಂತ ಚೆನ್ನಾಗಿ ಇನ್ಯಾರು ಮಾಡಿಯಾರು? ಜಪಾನಿಯ 'ಪತ್ರ' ನಮ್ಮಲ್ಲಿ ಶೌಚದ ಕಾಗದ. ನಮ್ಮ 'ಹೆಂಡತಿ' ಇವರಿಗೆ ಮುದುಕಿ. ಜಪಾನಿಯ 'ಬಿಸಿನೀರು' ನಮ್ಮ—

ಇಸೊಬೆಯ ಫೋನು. ಬಿಯಾನ್ ಅಜ್ಜ ಹಾಸಿಗೆಯಲ್ಲಿಲ್ಲವಂತೆ. ಕಾರಿಡಾರಿನಲ್ಲೂ ಇಲ್ಲ. ಊರುಗೋಲು ಮಾತ್ರ ಗೋಡೆಗೆ ಒರಗಿಸಿಟ್ಟ ಹಾಗೇ ಇದೆ, ಕೆಳಗಿನ ತೋಟದಿಂದ ಯಾರೋ ಚೀನೀಯಲ್ಲಿ ಗಟ್ಟಿಯಾಗಿ 'ಜೌ! ಜೌ!' ಎನ್ನುತ್ತಿದ್ದಾರಂತೆ.