ನುಗ್ಗೆಮರದ ಗುರುತು

ಒಂದು ಕಾಲಕ್ಕೆ ಗೋಡೆಯಾಚೆ ಇದ್ದ ಕಲ್ಪನಾಗೆ,

ಮೂರು ದಿನದಿಂದ ಒಂದೇ ಕೆಟ್ಟ ಕನಸು. ಉರಿಗಾಂ ಸ್ಟೇಷನ್ನಿನಲ್ಲಿ ಕಂಪನಿಯ ಟೀ ಶರ್ಟ್ ಹಾಕಿಕೊಂಡು ನೀನೇ ನಿಂತಿದ್ದೀಯ. ರೈಲಿಳಿದವರಿಗೆಲ್ಲ ಊಟದ ಚೀಲ ಕೊಡುತ್ತಿದ್ದೀಯ. ನನ್ನ ಸರದಿ ಬಂದಾಗ ಮುಖವನ್ನೂ ನೋಡದೆ "ಗುರುತು ಹೇಳಿ" ಅನ್ನುತ್ತೀಯ. ನಾನು "ನುಗ್ಗೆಮರ" ಅನ್ನುತ್ತೇನೆ. "ಅಲ್ಲಿ ಮರ ಇಲ್ವಲ್ಲಮ್ಮ" ಅಂತ ಹೇಳಿ ಹಿಂದಿನವರನ್ನು ಕರೆಯುತ್ತೀಯ. ಅಕ್ಕ ಅನ್ನದೆ ಅಮ್ಮ ಅಂದೆಯಲ್ಲ, ಅಲ್ಲಿಗೇ ಎಚ್ಚರವಾಗುತ್ತದೆ. ಎದ್ದು ಗ್ಯಾಸ್ ಆರಿದೆಯಾ ಅಂತ ನೋಡುತ್ತೇನೆ, ಚಿಲಕ ನೋಡುತ್ತೇನೆ, ಮತ್ತೆ ಗ್ಯಾಸ್ ನೋಡುತ್ತೇನೆ.

ಫೋನಿನಲ್ಲಿ ಹೇಳಹೊರಟರೆ ನನ್ನ ಬಾಯಿ ಬೇರೇನೋ ಹೇಳಿಬಿಡುತ್ತದೆ. ಅದಕ್ಕೇ ಈ ಕಾಗದ. ಕ್ಯಾಸಂಬಳ್ಳಿ ಶಾಲೆಯನ್ನು ಎಂಟನೇ ಕ್ಲಾಸಿಗೇ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು. ಆದರೆ ಪೂರ್ತಿ ಓದು. ಆಫೀಸಿನಲ್ಲಿ ಸಹನಳ ಎದುರಿಗೆ ಮಾತ್ರ ಓದಬೇಡ.

ನಿನಗೆ ನೆನಪಿದೆಯೋ ಇಲ್ಲವೋ, ನಿನ್ನ "ಬುತ್ತಿ" ಕಂಪನಿ ಹುಟ್ಟಿದ್ದು ಬಂಗಾರಪೇಟೆಯ ಗಾಜಿನ ಆಫೀಸಿನಲ್ಲಿ ಅಲ್ಲ. ಗಣಿಯವರು ಕಟ್ಟಿಸಿದ ನಮ್ಮ ಲೈನ್ ಮನೆಗಳಲ್ಲಿ, ನಿನ್ನ ಅಡುಗೆಮನೆಗೂ ನನ್ನ ಅಡುಗೆಮನೆಗೂ ನಡುವಿನ ಒಂದೇ ಗೋಡೆಯ ಹತ್ತಿರ. ಎರಡು ಸಲ ತಟ್ಟಿದರೆ ಟೀ ಆಯಿತು ಬಾ ಅಂತ. ಮೂರು ಸಲ ತಟ್ಟಿದರೆ ತಕ್ಷಣ ಬಾ ಅಂತ. ನೀನಾಗ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದೆ. ಒಂದು ಸಂಜೆ ಮೂರು ಸಲ ತಟ್ಟಿದೆ. ಏನಾಯಿತೋ ಅಂತ ಒದ್ದೆ ಕೈಯಲ್ಲೇ ಓಡಿಬಂದರೆ, "ಅಕ್ಕಾ, ಅಲ್ಲಿ ಜನ ಫೋನ್ ಒತ್ತಿದ್ರೆ ಊಟ ಮನೆಗೇ ಬರುತ್ತೆ. ನಮ್ಮೂರಲ್ಲೂ ಮಾಡೋಣ್ವಾ?" ಅಂದೆ. ನಾನು ಹೆದರಿದೆ. ಸಾರು ಚೆಲ್ಲಿದರೆ? ನಾಯಿ ಅಟ್ಟಿಸಿಕೊಂಡು ಬಂದರೆ? ನೀನು ನಕ್ಕುಬಿಟ್ಟೆ. ಕೋದಂಡಪ್ಪನವರ ಹೋಟೆಲಿಗೆ ಮೊದಲು ಕೇಳಲು ಹೋದಾಗ ಅವರು ಸೌಟು ಹಿಡಿದುಕೊಂಡೇ, "ಏನಮ್ಮಾ, ಓಟ್ಲು ಇಲ್ಲೇ ಐತೆ, ಜನುಕ್ಕೆ ಕಾಲು ಬಿದ್ದೋಗವಾ?" ಅಂದರಲ್ಲ! ಈಗ ಅದೇ ಕೋದಂಡಪ್ಪ, ಸಂಜೆ ನಾಲ್ಕು ಆರ್ಡರ್ ಕಡಿಮೆಯಾದರೆ "ಏನ್ ಮುನಿಲಕ್ಷ್ಮಿ, ನಿನ್ ಕಂಪ್ನಿ ಮಲೀಕ್ಕಂಡ್ತಾ?" ಅಂತ ಕೇಳುತ್ತಾರೆ.

ಮೊದಲ ವಾರವೇ ನಾವು ಸೋಲುವುದರಲ್ಲಿದ್ದೆವು. ಒಂದೊಂದು ಲೈನಿಗೂ ಒಂದರಿಂದ ಮನೆ ನಂಬರು. ನಲವತ್ತೆರಡನೇ ನಂಬರಿನ ಮನೆಗಳು ಎಷ್ಟಿವೆಯೋ ದೇವರಿಗೇ ಗೊತ್ತು. ಮೊಬೈಲಿನ ಮ್ಯಾಪ್ ಕೇಳಿದರೆ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ನೆತ್ತಿಯ ಮೇಲೆ ಚುಕ್ಕಿ ತೋರಿಸುತ್ತಿತ್ತು. ಒಂದು ದಿನ ಚಿಕನ್ ಬಿರಿಯಾನಿ ಮಾಲೆ ಹಾಕಿದ ಸ್ವಾಮಿಗಳ ಮನೆಗೆ ಹೋಯಿತು. ಅವರು ಕೂಗಾಡಿದ್ದು ಮೂರು ಲೈನಿಗೂ ಕೇಳಿತು. ಆವತ್ತೇ ನಾನು ಉದ್ದನೆಯ ನೋಟ್‌ಬುಕ್ ತಂದು ಗೆರೆ ಹಾಕಿದೆ. ಹೆಸರು, ನಂಬರು, ಗುರುತು. ಗುರುತಿನ ಸಾಲಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಬರೆದೆ: ಮುರಿದ ಕಿಟಕಿಗೆ ಕ್ಯಾಲೆಂಡರ್ ಅಂಟಿಸಿದೆ. ಬಿಳಿ ಮೇಕೆ ಕಟ್ಟಿರುತ್ತೆ. ಜಗಲಿ ಮೇಲೆ ಒಂಟಿ ಕುರ್ಚಿ. ಮೇಕೆ ಮಾರಿದ ದಿನ ಹೋಗಿ ಮೇಕೆ ಅನ್ನುವ ಮಾತನ್ನು ಹೊಡೆದುಹಾಕಿ, ನೀಲಿ ಡ್ರಮ್ ಅಂತ ಬರೆದೆ. ಮೊದಲನೇ ಪುಟದ ಮೊದಲನೇ ಸಾಲು ನಿನ್ನ ಮನೆಯೇ, ಕಲ್ಪನ. ನಂಬರು ನಲವತ್ತೆರಡು. ನುಗ್ಗೆಮರ.

ಕೊರೋನಾದಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗ ಆ ನೋಟ್‌ಬುಕ್ಕೇ ನಮ್ಮನ್ನು ನಡೆಸಿತು. ಬೇತಮಂಗಲದವರೂ ಕೇಳಿದರು, ಬಂಗಾರಪೇಟೆಯವರೂ ಕೇಳಿದರು. ನೀನು ಬಂಗಾರಪೇಟೆಗೆ ಮನೆ ಬದಲಾಯಿಸಿದೆ. ದಾರಿ ತಪ್ಪಿದ ಹುಡುಗರು ನನಗೆ ಫೋನ್ ಮಾಡುತ್ತಿದ್ದರು. ನಾನು ಮುಂದಿನ ಕೋಣೆಯಲ್ಲಿ ಕೂತು "ಎಡಕ್ಕೆ ತಿರುಗಪ್ಪ, ಕುರ್ಚಿ ಕಾಣ್ತಾ?" ಅನ್ನುತ್ತಿದ್ದೆ. ನನ್ನ ಸಂಬಳವೂ ಅದಕ್ಕೇ, ನನ್ನ ಜಂಬವೂ ಅದಕ್ಕೇ.

ಆಮೇಲೆ ಸಹನ ಬಂದಳು. ಕಂಪ್ಯೂಟರ್ ಓದಿದ ಹುಡುಗಿ, ಒಳ್ಳೆಯವಳೇ. ಮೂರು ದಿನ ನನ್ನ ಪಕ್ಕ ಕೂತು, ನಾನು ಓದಿದಂತೆಲ್ಲ ಟಕಟಕ ಅಂತ ಒತ್ತಿ, ನೋಟ್‌ಬುಕ್ಕನ್ನು ಫೋನಿನೊಳಗೆ ಸೇರಿಸಿಬಿಟ್ಟಳು. "ಮುಗೀತು ಆಂಟಿ, ಇನ್ಮೇಲೆ ನಿಮಗೆ ತೊಂದ್ರೆ ಇಲ್ಲ" ಅಂದಳು. ನಿಜವಾಗಿಯೂ ತೊಂದರೆ ಮುಗಿಯಿತು. ಫೋನು ನಿಂತುಹೋಯಿತು. ದಿನಕ್ಕೆ ಮೂವತ್ತು ಸಲ ಬಡಿದುಕೊಳ್ಳುತ್ತಿದ್ದ ಫೋನು, ಕೆಟ್ಟಿದೆಯೇನೋ ಅಂತ ಪಕ್ಕದವರ ಫೋನಿನಿಂದ ನಾನೇ ಮಾಡಿ ನೋಡುತ್ತಿದ್ದೆ.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚು. ಬರೆದೇಬಿಟ್ಟೆ, ಇನ್ನು ಅಳಿಸುವುದಿಲ್ಲ. ಆಫೀಸಿಗೆ ಅವರೆಕಾಳು ಸಾರು ತಂದ ದಿನ ನೀನು, "ಅಯ್ಯೋ ಅಕ್ಕ, ಸಹನ ತಂದಿದ್ಳು, ಹೊಟ್ಟೆ ತುಂಬಿದೆ" ಅಂದೆ. ನಿನ್ನ ಡಬ್ಬಿಯ ಮುಚ್ಚಳದಲ್ಲಿ ಅವಳು ತಿನ್ನುತ್ತಿದ್ದಳು. ಆ ಮುಚ್ಚಳದಲ್ಲಿ ಎಷ್ಟು ವರ್ಷ ನಾನು ತಿಂದಿದ್ದೇನೆ! ವಾಪಸು ಬರುವಾಗ ಬಸ್ಸಿನಲ್ಲಿ ಸಾರಿನ ಡಬ್ಬಿ ತೊಡೆ ಸುಡುತ್ತಿತ್ತು. ಹಾಗೇ ಇಟ್ಟುಕೊಂಡಿದ್ದೆ.

ಹೋದ ತಿಂಗಳು ನೀನು "ಬುತ್ತಿ ನಡೆದುಬಂದ ದಾರಿ" ಅಂತ ಬರೆಸಿ ಕಳಿಸಿದೆ. ಪುಸ್ತಕ ಮಾಡಿ ಎಲ್ಲ ಹೋಟೆಲಿಗೂ ಹಂಚುತ್ತೀನಿ, ತಪ್ಪಿದ್ದರೆ ಹೇಳು ಅಂದೆ. ನಾಲ್ಕು ಸಲ ಓದಿದೆ. ರೈಲು ಇತ್ತು, ಕೋದಂಡಪ್ಪ ಇದ್ದರು, ಕೊರೋನಾ ಇತ್ತು. "ಮನೆ ಹುಡುಕುವ ಗುರುತಿನ ಪದ್ಧತಿಯನ್ನು ರೂಪಿಸಿದವರು ಕುಮಾರಿ ಸಹನ" ಅಂತ ಇತ್ತು. ಕೊನೆಗೆ "ನೆರೆಹೊರೆಯವರ ಸಹಕಾರ" ಅಂತ ಒಂದು ಮಾತು. ನಾನು ಆ ಹೊರೆಯೊಳಗೆ ಇದ್ದೆನೇನೋ. "ಚೆನ್ನಾಗೈತೆ" ಅಂತ ನಿನಗೆ ಉತ್ತರ ಕಳಿಸಿದೆ.

ಅದೇ ವಾರ ಗಾಳಿಗೆ ನುಗ್ಗೆಮರ ಬುಡಸಮೇತ ಬಿತ್ತು. ಮುನಿಸಿಪಾಲಿಟಿಯವರು ಕಡಿದು ಸಾಗಿಸಿದರು. ಮರುದಿನ ಸಹನಳ ಫೋನು: "ಆಂಟಿ, ಗಾಳಿಗೆ ನಿಮ್ಮ ಲೈನಲ್ಲಿ ಏನಾದ್ರೂ ಬದಲಾಗಿದ್ಯಾ? ಗುರುತು ತಿದ್ದಬೇಕಾ?" ನಾನು ಬಾಗಿಲಲ್ಲೇ ನಿಂತಿದ್ದೆ. ಎದುರಿಗೆ ಬರೀ ಗುಂಡಿ. "ಏನೂ ಇಲ್ಲಮ್ಮ, ಎಲ್ಲ ಇದ್ದಂಗೇ ಐತೆ" ಅಂದೆ.

ನಿನ್ನ ಹಳೇ ಮನೆಯಲ್ಲಿ ಈಗ ಇರುವ ಆದಿಲಕ್ಷ್ಮಮ್ಮನ ವಿಷಯ ನಿನಗೆ ಗೊತ್ತು. ಮಗಳು ಕಲಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಅಲ್ಲಿಂದಲೇ ಅಮ್ಮನಿಗೆ ಮಧ್ಯಾಹ್ನದ ಮುದ್ದೆ ಊಟ ಹೇಳುತ್ತಾಳೆ. ಹನ್ನೆರಡೂ ಕಾಲಿಗೆ ಸಕ್ಕರೆ ಕಾಯಿಲೆಯ ಸೂಜಿ, ಹನ್ನೆರಡೂವರೆಗೆ ಊಟ. ಆ ಬುಧವಾರ ಹೊಸ ಹುಡುಗ ಬಂದ. ನಮ್ಮ ಲೈನಿನ ಬಾಯಲ್ಲಿ ಗಾಡಿ ನಿಲ್ಲಿಸಿ, ಮರಕ್ಕಾಗಿ ಅತ್ತಿತ್ತ ನೋಡಿ, ತಿರುಗಿಸಿಕೊಂಡು ಹೋದ. ಹಿಂದಿನ ಲೈನಿನ ನಲವತ್ತೆರಡರ ಮುಂದೆಯೂ ಒಂದು ನುಗ್ಗೆಮರವಿದೆ. ಅಲ್ಲಿ ಬೀಗ ಹಾಕಿದ ಬಾಗಿಲಿಗೆ ಚೀಲ ನೇತುಹಾಕಿ ಹೋಗಿದ್ದಾನೆ.

ಅವನು ತಿರುಗಿದ್ದನ್ನು ನಾನು ಕಿಟಕಿಯಿಂದ ನೋಡಿದೆ, ಕಲ್ಪನ. ಕೂಗಿದ್ದರೆ ಕೇಳಿಸುತ್ತಿತ್ತು. ಅಲೆಯಲಿ, ಸಹನಳಿಗೇ ಫೋನ್ ಮಾಡಲಿ, ಅವಳ ಕಂಪ್ಯೂಟರೇ ದಾರಿ ಹೇಳಲಿ ಅಂದುಕೊಂಡೆ. ಸೂಜಿಯ ವಿಷಯ ನೆನಪಾಗಲಿಲ್ಲ ಅಂದರೆ ಸುಳ್ಳು. ನೆನಪಾಯಿತು. ಇನ್ನೈದು ನಿಮಿಷ ನೋಡೋಣ ಅಂದುಕೊಂಡೆ. ಆಮೇಲೆ ಇನ್ನೈದು.

ಒಂದೂ ಕಾಲಿಗೆ ಗೋಡೆಯ ಮೇಲೆ ಮೂರು ಸಲ ತಟ್ಟಿದ ಸದ್ದು. ಆ ಅಮ್ಮನಿಗೆ ನಮ್ಮ ಲೆಕ್ಕ ಗೊತ್ತಿರಲಿಲ್ಲ, ಅವರ ಕೈಲಾದದ್ದು ಅಷ್ಟು. ಓಡಿದೆ. ಅವರ ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಸೂಜಿಯ ಮೇಲೆ ಊಟ ಬೀಳದೆ ಸಕ್ಕರೆ ಇಳಿದುಹೋಗಿತ್ತು, ಸಕ್ಕರೆ ನೀರು ಕುಡಿಸಿದೆ. ಅರ್ಧ ಗಂಟೆಗೆ ಚೇತರಿಸಿಕೊಂಡು ನನ್ನ ಕೈ ಹಿಡಿದು, "ಈಗ ಬತ್ತದೆ, ಈಗ ಬತ್ತದೆ ಅಂತ ಕಾದೆ ಕಣವ್ವ. ನೀನಿಲ್ದಿದ್ರೆ ನಾನು ಒಂಟೋಗ್ತಿದ್ದೆ" ಅಂದರು. ಆ ಕೈಯನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ.

ಸಂಜೆ ನೀನು ಬಂದು ನನ್ನನ್ನು ತಬ್ಬಿಕೊಂಡೆ. ನನ್ನ ಮುಂದೆಯೇ ಫೋನಿನಲ್ಲಿ ಸಹನಳನ್ನು ಬಯ್ದೆ. ಅವಳು ಅಳುವುದು ನನಗೂ ಕೇಳಿಸಿತು. "ಕೇಳಿದ್ದೆ ಮ್ಯಾಮ್" ಅಂದಳು, ಯಾರನ್ನು ಕೇಳಿದ್ದೆ ಅಂತ ಹೇಳಲಿಲ್ಲ. ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು, ಕಲ್ಪನ. ಒಂದು ಗುಟುಕು ಬಿಸಿ ಟೀ ಕುಡಿದ ಹಾಗೆ ಒಳಗೆಲ್ಲ ಹರಡಿತು. ಅದನ್ನೇ ನಾನು ಮರೆಯಲಾರೆ.

ನೀನಂದೆ, "ತಿಂಗಳ ಕೊನೆಗೆ ಅವಳನ್ನ ಬಿಡಿಸ್ತೀನಿ ಅಕ್ಕ. ಪುಸ್ತಕದಲ್ಲಿ ಅವಳ ಹೆಸರು ತೆಗೆದು ನಿನ್ನದು ಹಾಕ್ತೀನಿ. ನೀನೇ ಬಂಗಾರಪೇಟೆಗೆ ಬಾ, ನನ್ನ ಪಕ್ಕದಲ್ಲೇ ಕೂತ್ಕೋ." ಎಷ್ಟು ವರ್ಷದಿಂದ ಈ ಮಾತಿಗೆ ಬಾಯಿಬಿಟ್ಟುಕೊಂಡು ಕಾದಿದ್ದೆ!

ಬೇಡ. ಸಹನಳನ್ನು ಬಿಡಿಸಬೇಡ. ಅವಳು ಕೇಳಿದ್ದಳು, ನಾನು ಸುಳ್ಳು ಹೇಳಿದೆ. ಇದನ್ನು ಓದಿ ನೀನು ನನ್ನ ಹತ್ತಿರ ಮಾತು ಬಿಡಬಹುದು, ಕೆಲಸದಿಂದ ತೆಗೆಯಬಹುದು. ಕಲಾಗೂ ಅವರಮ್ಮನಿಗೂ ನಾನೇ ಹೇಳುತ್ತೇನೆ, ಭಾನುವಾರ ಕಲಾ ಮನೆಯಲ್ಲಿರುತ್ತಾಳೆ. ಅಷ್ಟೆಲ್ಲ ಆದಮೇಲೂ ನಿನ್ನ ಡಬ್ಬಿಯ ಮುಚ್ಚಳದಲ್ಲಿ ಆ ಹುಡುಗಿ ತಿನ್ನುವುದನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ. ಒಳ್ಳೆಯವಳಾಗಿಬಿಟ್ಟೆ ಅಂತ ತಿಳಿಯಬೇಡ.

ಈ ಕಾಗದವನ್ನು ನಮ್ಮ ಕಡೆ ಗಾಡಿ ಓಡಿಸುವ ಶಿವಕುಮಾರನ ಕೈಲಿ ಕಳಿಸುತ್ತಿದ್ದೇನೆ. ಜೊತೆಗೆ ಸಾರು ಇದೆ. ಅವಳಿಗೂ ಕೊಡು.

ನೀನು ಕಟ್ಟಿದ ಬುತ್ತಿ ಹಸಿದವರ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತಿರಲಿ. ನೀನು ನೂರು ವರ್ಷ ತಣ್ಣಗಿರು.

ಗೋಡೆಯ ಈ ಕಡೆಯಿಂದ,
ನಿನ್ನ ಮುನಿಲಕ್ಷ್ಮಿ

ಇನ್ನೊಂದು ಮಾತು. ಆ ಬುಧವಾರದ ಮಾರನೇ ದಿನದಿಂದ ದಿನಾ ಹನ್ನೆರಡೂವರೆಗೆ ನಾನೇ ಆ ಗುಂಡಿಯ ಪಕ್ಕ ಕೈ ಎತ್ತಿ ನಿಲ್ಲುತ್ತಿದ್ದೇನೆ. ನಿನ್ನೆ ಸಹನಳಿಗೆ ಫೋನ್ ಮಾಡಿ, ನಲವತ್ತೆರಡರ ಗುರುತು ಬದಲಾಯಿಸಮ್ಮ, "ಮುನಿಲಕ್ಷ್ಮಿ ನಿಂತಿರುತ್ತಾಳೆ" ಅಂತ ಬರಿ ಅಂದೆ. ಆಯಿತು ಅಂದಳು. ಬರೆದಳೋ, ಇನ್ನೂ ನುಗ್ಗೆಮರ ಅಂತಲೇ ಇದೆಯೋ, ಇನ್ನೊಂದು ಸಲ ನೋಡು.