ಸ್ಲೇಟು ಕಲ್ಲಿನೊಳಗಿನ ಬೇರು

ಫೆಬ್ರವರಿ 9
ದ್ರಾಕ್ಷಿ ಬಳ್ಳಿ ಸವರುವುದು ಮುಗಿಯುತ್ತಾ ಬಂತು. ಮೋಸೆಲ್ ನದಿ ಮಂಜಿನಲ್ಲಿ ಮುಳುಗಿದೆ, ದೋಣಿಯ ಸದ್ದು ಮಾತ್ರ. ಊಟಕ್ಕೆ ಕೂತ ಅಣ್ಣ ಎವಾಲ್ಡ್ ಮತ್ತೆ ಅದೇ ರಾಗ ತೆಗೆದ.
"ಸಾಕು ಮಾಡೋಣ ಹಿಲ್ಡಾ. ಆ ಗುಡ್ಡ ನಮ್ಮಿಬ್ಬರ ಮಂಡೀನೂ ತಿಂದು ಹಾಕ್ತು. ಅಲ್ಲಿನ ರೀಸ್ಲಿಂಗ್ ಬಳ್ಳಿ ಕಿತ್ತುಬಿಡೋಣ. ಕೆಳಗೆ ಬಯಲಲ್ಲಿ ಮ್ಯುಲರ್ ದ್ರಾಕ್ಷಿ ಇದ್ಯಲ್ಲ, ಟ್ರ್ಯಾಕ್ಟರ್ ಓಡುತ್ತೆ, ಆರಾಮಾಗಿರಬಹುದು."
ಇನ್ನೊಂದು ಆಲೂಗಡ್ಡೆ ಸುಲಿದೆ. ಗುಡ್ಡದ ಬಳ್ಳಿ ಅಜ್ಜಿ ನೆಟ್ಟದ್ದು.

ಫೆಬ್ರವರಿ 13, ಮಧ್ಯಾಹ್ನ
ಬಿಡದೆ ಸುರಿದ ಮಳೆಗೆ ಗುಡ್ಡದ ಮೆಟ್ಟಿಲು ತೋಟದಲ್ಲಿ ಮೇಲಿನ ಹಂತದ ಮಣ್ಣು ತಡೆಯುವ ಕಲ್ಲುಗೋಡೆ ಕುಸಿದಿದೆ.
"ನೋಡಿದ್ಯಾ? ಗುಡ್ಡಾನೇ ರಾಜೀನಾಮೆ ಕೊಡ್ತು," ಅಂದ ಎವಾಲ್ಡ್.
ನಗು ಬರಲಿಲ್ಲ. ಒಬ್ಬಳೇ ಹತ್ತಿದೆ.
ಹೇಗೆ ಬರೆಯುವುದು... ಗುಡ್ಡ ಹೊಟ್ಟೆ ತೆರೆದು ನಿಂತಿದೆ. ಮಣ್ಣು ಅಂತ ಇರುವುದು ಒಂದು ಗೇಣು. ಆಮೇಲೆ ಬರೀ ಸ್ಲೇಟು — ನೀಲಿ, ಪದರ ಪದರ. ಆ ಪದರಗಳ ನಡುವೆ ಒಂದು ಬೇರು. ನನ್ನ ಎತ್ತರ ದಾಟಿ ಇನ್ನೂ ಕೆಳಕ್ಕೆ. ಒಂದೆಡೆ ತೋಳಿನಷ್ಟು ದಪ್ಪ, ಇಕ್ಕಟ್ಟಿನಲ್ಲಿ ಕಾಗದದಷ್ಟು ಚಪ್ಪಟೆ, ಮತ್ತೆ ದುಂಡಗೆ. ತುದಿ ಕಾಣಲಿಲ್ಲ. ಇಷ್ಟು ವರ್ಷ ಇದರ ತಲೆಗೂದಲು ಕತ್ತರಿಸಿಕೊಂಡು, ಇದನ್ನು ಬಲ್ಲೆ ಅಂದುಕೊಂಡಿದ್ದೆ!

ಅದೇ ದಿನ, ಮುಸ್ಸಂಜೆ
ಇಂದು ರಾತ್ರಿಯಿಂದ ನೀರು ಹೆಪ್ಪುಗಟ್ಟುವ ಚಳಿಯಂತೆ. ಹೊರಗೆ ಬಿದ್ದ ಬೇರು ಉಳಿಯುವುದಿಲ್ಲ. ಎವಾಲ್ಡನನ್ನು ಕೈಹಿಡಿದು ಹತ್ತಿಸಿದೆ. ದಾರಿಯುದ್ದಕ್ಕೂ ಬೈದ. ಬೇರಿನ ಮುಂದೆ ನಿಂತ. ಟೋಪಿ ತೆಗೆದ.
"ಅಜ್ಜಿ ನೆಟ್ಟಿದ್ದು ಒಂದು ಕಡ್ಡಿ ಕಣೇ... ಬರೀ ಕಡ್ಡಿ."
ಆಮೇಲೆ ನನಗೇ ಗದರಿದ: "ಏನು ನಿಂತು ನೋಡ್ತೀಯ? ಕಲ್ಲು ಕೊಡು!"
ಬೇರಿಗೆ ಹುಲ್ಲು ಸುತ್ತಿ, ಕಲ್ಲುಪುಡಿ ತುಂಬಿ, ಕೈಗೆ ಸಿಕ್ಕ ಕಲ್ಲೆಲ್ಲ ಒಟ್ಟಿದೆವು.

ಮಾರ್ಚ್ 2
ಗೋಡೆ ಎದ್ದಿತು. ಬೆರಳೆಲ್ಲ ಒಡೆದಿವೆ. ಗುಡ್ಡ ಬಿಡುವ ಮಾತು ಅವನೂ ಎತ್ತಿಲ್ಲ, ನಾನೂ ಕೇಳಿಲ್ಲ.

ಏಪ್ರಿಲ್ 3
ನೆಲ ಬೆಚ್ಚಗಾಯಿತು. ಬೇರು ಎಚ್ಚೆತ್ತ ಗುರುತಾಗಿ ಸವರಿದ ತುದಿಗಳಿಂದ ನೀರು ತೊಟ್ಟಿಕ್ಕುತ್ತಿದೆ — ಬಯಲಲ್ಲೂ, ಗುಡ್ಡದಲ್ಲೂ. ಗೋಡೆ ಕುಸಿದಲ್ಲಿನ ಆ ಬಳ್ಳಿ ಮಾತ್ರ ಒಣಕಲು.
"ಹೋಯ್ತು ಅನ್ಸುತ್ತೆ," ಅಂದೆ.
"ನಿಂಗೇನು ಅವಸರ? ಸ್ವಲ್ಪ ಕಾಯಿ," ಅಂದವನು ಎವಾಲ್ಡ್!

ಏಪ್ರಿಲ್ 9, ಬಳ್ಳಿಯ ಪಕ್ಕ
ಬಿಸಿಲು. ನದಿಯ ಹೊಳಪು ಗುಡ್ಡಕ್ಕೆ ಬಡಿದು ಸ್ಲೇಟು ಕಾದಿದೆ. ಎವಾಲ್ಡ್ ನನಗಿಂತ ಮೊದಲೇ ಹತ್ತಿದ್ದಾನೆ, ಆ ಮಂಡಿಯಲ್ಲಿ. ಬಳ್ಳಿಯ ಕೆಳಗೆ ಬೊಗಸೆಯೊಡ್ಡಿ ಕೂತಿದ್ದಾನೆ, ಉಸಿರೂ ಬಿಡದೆ.
"ಮೆಲ್ಲಗೆ ಬಾ. ಒಂದು ಹನಿ ಬಿತ್ತು."
ಅವನ ಅಂಗೈಯಿಂದ ಬೆರಳಿಗೆ ತಾಗಿಸಿ ನಾಲಗೆಗಿಟ್ಟೆ. ಬರೀ ನೀರು. ಅಷ್ಟು ಆಳದಿಂದ, ಆ ಕಲ್ಲುಗಳ ನಡುವೆ ನುಸುಳಿ, ಇಲ್ಲಿಯವರೆಗೆ...
"ಬರೆಯೋದು ಬಿಡೇ, ನೋಡು! ಇನ್ನೊಂದು—"