ಬೋಳು ತಲೆಯ ಬೋಲ್ಟು, ತಂಗಮ್ಮನ ಬಲಗೈ

ಸಹಾಯಧನದಲ್ಲಿ ಯಂತ್ರ ಹಂಚುವ ಕಚೇರಿಯ ಮುಖ್ಯ ಅಧಿಕಾರಿಗಳೇ,

ತಂಗಮ್ಮ ಯಂತ್ರದೊಳಗೆ ಕೈ ಹಾಕಿರಲಿಲ್ಲ. ಪೂರ್ತಿ ಪತ್ರ ಓದಲು ತಮಗೆ ಪುರುಸೊತ್ತಿಲ್ಲದಿದ್ದರೆ ಇದೊಂದು ವಾಕ್ಯವನ್ನಾದರೂ ಓದಿ. ತಮ್ಮ ತನಿಖಾ ವರದಿ ಅಪಘಾತಕ್ಕೆ 'ಕೆಲಸಗಾರ್ತಿಯ ಅಜಾಗರೂಕತೆ' ಕಾರಣವೆಂದು ಹೇಳಿದೆ. ಒಬ್ಬ ಹೆಂಗಸಿನ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲದಂತಾದದ್ದನ್ನು ಎರಡು ಪದಗಳಲ್ಲಿ ಮುಗಿಸಿದ ತಮ್ಮ ಮಿತವ್ಯಯಕ್ಕೆ ಬೆರಗಾಗಿದ್ದೇನೆ.

ನಾನು ಆಲ್ದೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗ್ಯಾರೇಜು ನಡೆಸುತ್ತಿರುವ ಮೆಕ್ಯಾನಿಕ್. ಬಾಳೂರಿನ ಕಡೆ ನಾಲ್ಕು ಎಕರೆ ಕಾಫಿ ತೋಟವಿರುವ ಓಂಕಾರಮೂರ್ತಿಯವರು, ತಮ್ಮ ಕಚೇರಿ ಸಹಾಯಧನದಲ್ಲಿ ಕೊಟ್ಟ ಚಿಪ್ಪರ್ ಯಂತ್ರವನ್ನು ನನ್ನಲ್ಲಿಗೆ ತಂದರು. ಮರಗಸಿಯಲ್ಲಿ ಕಡಿದ ನೆರಳು ಮರಗಳ ರೆಂಬೆಗಳನ್ನು ಅದರ ಬಾಯಿಗೆ ಕೊಟ್ಟರೆ ಚೂರು ಚೂರು ಮಾಡಿ ಉಗುಳುತ್ತದೆ. ಆ ಚೂರನ್ನೇ ಗಿಡದ ಬುಡಕ್ಕೆ ಹಾಕುತ್ತಾರೆ. ಒಳ್ಳೆಯ ಯಂತ್ರವೇ. ಆದರೆ ಓಡಿಸಿದಾಗ ಜ್ವರ ಬಂದವರಂತೆ ನಡುಗುತ್ತಿತ್ತು.

ಮೇಲಿನ ಮುಚ್ಚಳ ಬಿಚ್ಚಿದೆ. ಒಳಗೆ ತಿರುಗುವ ಚಕ್ರಕ್ಕೆ ಎರಡು ಬ್ಲೇಡು, ಒಂದೊಂದಕ್ಕೆ ನಾಲ್ಕು ಬೋಲ್ಟು. ಇಂಥ ಜಾಗಕ್ಕೆ ಹಾಕುವ ಗಟ್ಟಿ ಬೋಲ್ಟಿನ ತಲೆಯ ಮೇಲೆ ಅದರ ಬಲ ತಿಳಿಸುವ ಅಂಕಿ ಒತ್ತಿರುತ್ತದೆ. ಈ ಎಂಟರ ತಲೆಯೂ ಬೋಳು. ಒಂದಕ್ಕೆ ಸ್ಪ್ಯಾನರ್ ಕೊಟ್ಟು ತಿರುಗಿಸಿದೆ. ಹಾಲುವಾಣ ಮರದ ಒಣ ಕಡ್ಡಿಯಂತೆ ಲಟಕ್ಕನೆ ಮುರಿದು ಕೈಗೆ ಬಂತು.

ಅಲ್ಲೇ ನಿಂತು ತಮ್ಮ ಕಚೇರಿಗೆ ಫೋನ್ ಮಾಡಿದೆ. "ಒಳ್ಳೆ ಬೋಲ್ಟ್ ನಾನೇ ಹಾಕ್ತೀನಿ ಸಾರ್, ಅಪ್ಪಣೆ ಕೊಡಿ" ಎಂದೆ.

"ವಾರಂಟಿ ಇರೋ ಮಿಷಿನ್ ಅದು. ಕಂಪನಿ ಬೋಲ್ಟೇ ಹಾಕ್ಬೇಕು. ನೀವು ಬೇರೆ ಹಾಕಿ ಏನಾದ್ರೂ ಆದ್ರೆ ಜವಾಬ್ದಾರಿ ನಿಮ್ದೇ" ಎಂದರು ಅಲ್ಲಿದ್ದ ಎಂಜಿನಿಯರರು.

ಮೂರು ದಿನಕ್ಕೆ ಕವರಿನಲ್ಲಿ ಹೊಸ ಬೋಲ್ಟು ಬಂದವು. ಅವೂ ಬೋಳು.

ಮಾನ್ಯರೇ, ಇಲ್ಲಿಂದ ಮುಂದಿನದು ನನ್ನ ತಪ್ಪು. ಜವಾಬ್ದಾರಿ ಎಂಬ ಮಾತಿಗೆ ಹೆದರಿ ಅವನ್ನೇ ಹಾಕಿ ಬಿಗಿದೆ. ಓಂಕಾರಮೂರ್ತಿಯವರು ಕೇಳಿಯೇ ಕೇಳಿದರು: "ಇದು ತಡೀತದಾ ಮಾರಾಯ?"

'ಇಲ್ಲ' ಎನ್ನಬೇಕಿತ್ತು. ನಾನು ಹೇಳಿದ್ದು, "ನೋಡ್ಕೊಂಡು ಓಡಿಸಿ ಮೂರ್ತಿಯವ್ರೇ."

ಐದನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೋಲ್ಟುಗಳು ತುಂಡಾಗಿ ಬ್ಲೇಡು ಮುಚ್ಚಳ ಸೀಳಿಕೊಂಡು ಹಾರಿತು. ಮೂರು ಮಾರು ದೂರದಲ್ಲಿ ಹೊಸ ಹೊರೆ ಎತ್ತಿಕೊಳ್ಳಲು ಬಗ್ಗಿದ್ದ, ತೋಟದ ಕೂಲಿ ತಂಗಮ್ಮನ ಬಲಗೈಗೆ ಬಡಿಯಿತು. ಸೀರೆಯಿಂದ ತೋಳು ಬಿಗಿದು ಜೀಪಿನಲ್ಲಿ ಚಿಕ್ಕಮಗಳೂರಿಗೆ ಸಾಗಿಸಿದರು. ಜೀವ ಉಳಿಯಿತು.

ಆಸ್ಪತ್ರೆಯಲ್ಲಿ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ. ಅವಳು ಬೈಯಲಿಲ್ಲ. "ಇಲಿಯಾಸಣ್ಣ, ನಾನು ಕೈ ಹಾಕ್ಲಿಲ್ಲ. ಆಫೀಸಿನವ್ರು ಬಂದು ಹಾಕಿದ್ದೆ ಅಂತ ಬರ್ಕೊಂಡು ಹೋದ್ರು. ಊರಲ್ಲಿ ಎಲ್ಲ ನನ್ನ ದಡ್ಡಿ ಅಂತಾರೆ. ನಿಮಗೆ ಮಿಷಿನ್ ಗೊತ್ತಲ್ಲ, ನೀವಾದ್ರೂ ಹೇಳಿ" ಎಂದಳು.

ಆದ್ದರಿಂದ ಹೇಳುತ್ತಿದ್ದೇನೆ. ಮುಚ್ಚಳದ ತಗಡು ಒಳಗಿನಿಂದ ಹೊರಕ್ಕೆ ಹರಿದು ನಿಂತಿದೆ. ಕೈ ಹಾಕಿದವಳು ತಗಡನ್ನು ಒಳಗಿನಿಂದ ಸೀಳಿದಳೇ? ಬ್ಲೇಡು ಸಿಕ್ಕಿದ್ದು ಅವಳು ನಿಂತಿದ್ದ ಜಾಗಕ್ಕಿಂತ ಆಚೆ, ಕಾಫಿ ಗಿಡದ ಬುಡದಲ್ಲಿ. ಅದು ತಾನಾಗಿ ನಡೆದು ಹೋಯಿತೇ? ತಮ್ಮ ತನಿಖಾಧಿಕಾರಿಗಳು ಜೀಪಿನಿಂದ ಇಳಿದು ಯಂತ್ರದವರೆಗೆ ಹೋಗಿದ್ದರೆ ಇಷ್ಟು ಪ್ರಶ್ನೆ ಅವರಿಗೂ ಹೊಳೆಯುತ್ತಿತ್ತು. ಆದರೆ ತೋಟದಲ್ಲಿ ರಕ್ತ ಹೀರುವ ಉಂಬಳದ ಕಾಟ ಜಾಸ್ತಿ, ನಿಜ.

ದೇವರಮನೆ ಕಡೆ ವೀರೇಂದ್ರ ಎಂಬ ಬೆಳೆಗಾರರಲ್ಲಿ ಇಂಥದ್ದೇ ಯಂತ್ರವಿದೆಯೆಂದು ತಿಳಿದು ಹೋದ ವಾರ ಅಲ್ಲಿಗೆ ಓಡಿದೆ. ಯಂತ್ರ ಓಡುತ್ತಿತ್ತು. ರೆಂಬೆ ಕೊಡುತ್ತಿದ್ದವರು ಇಬ್ಬರು ಹೆಂಗಸರು. "ನಿಲ್ಸಿ" ಎಂದು ಕೂಗಿಕೊಂಡೆ.

"ಆಫೀಸಿಂದ ಕಾಗದ ಬಂದ್ರೆ ನಿಲ್ಲಿಸ್ತೀನಿ. ಮರಗಸಿ ಅರ್ಧ ಆಗಿದೆ, ನೀವು ಸುಮ್ನೆ ಹೆದರಿಸ್ಬೇಡಿ" ಎಂದರು ವೀರೇಂದ್ರ.

ಕೈಮುಗಿದು ಎಂಜಿನ್ ಆಫ್ ಮಾಡಿಸಿ ಮುಚ್ಚಳ ತೆಗೆದು ತೋರಿಸಿದೆ. ಎಂಟೂ ಬೋಳು, ಒಂದರ ಕುತ್ತಿಗೆ ಆಗಲೇ ಸಣ್ಣಗಾಗಿತ್ತು. ಆ ಹೆಂಗಸರಲ್ಲಿ ಹಿರಿಯರಾದ ಗಿಡ್ಡಮ್ಮ ಬಗ್ಗಿ ನೋಡಿದವರೇ ಹೋಗಿ ದೂರ ಕೂತರು. ವೀರೇಂದ್ರ ಆ ಬೋಲ್ಟನ್ನು ಮುಟ್ಟಿ ನೋಡಿ, "ಚಕ್ರ ತಿರುಗ್ಸೋ ಬೆಲ್ಟ್ ಬಿಚ್ಕೊಂಡು ಹೋಗಿ. ಇಲ್ದಿದ್ರೆ ನಾಳೆ ನಾನೇ ಮತ್ತೆ ಓಡಿಸಿಬಿಡ್ತೀನಿ" ಎಂದರು. ಸಹಾಯಧನದ ಯಂತ್ರದ ಭಾಗ ಕಳಚುವುದು ಅಪರಾಧವಾದರೆ ಕೇಸು ಹಾಕಿ. ಬೆಲ್ಟು ನನ್ನ ಗ್ಯಾರೇಜಿನಲ್ಲಿದೆ, ನಾನೂ ಅಲ್ಲೇ ಇರುತ್ತೇನೆ.

ಇಂಥ ಯಂತ್ರಗಳು ಇನ್ನೂ ಏಳಿವೆಯಂತೆ. ಯಾವ ಊರಿನಲ್ಲಿ, ಯಾರ ತೋಟದಲ್ಲಿ ಎಂದು ಮೂರು ಸಲ ಬಂದು ಕೇಳಿದೆ. ಫಲಾನುಭವಿಗಳ ಪಟ್ಟಿ ಗೋಪ್ಯವೆಂದರು. ಕಳಸದ ಕಡೆ ಹೋಗುವ ಬಸ್ಸಿನವರನ್ನು, ಗೊಬ್ಬರದಂಗಡಿಯವರನ್ನು ಕೇಳಿಕೊಂಡು ಅಲೆಯುತ್ತಿದ್ದೇನೆ. ರಸ್ತೆಬದಿಯ ತೋಟದಲ್ಲಿ ಎಂಜಿನ್ ಸದ್ದು ಕೇಳಿದರೆ ಬೈಕು ನಿಲ್ಲಿಸಿ ಬೇಲಿ ಹಾರುತ್ತೇನೆ. ಇಷ್ಟು ದಿನದಲ್ಲಿ ಒಂದೂ ಸಿಕ್ಕಿಲ್ಲ.

ತಂಗಮ್ಮನ ಹೆಸರಿನ ಮುಂದೆ ಬರೆದಿರುವ ಆ ಎರಡು ಪದ ಅಳಿಸಿ, ಅವಳಿಗೆ ಸಲ್ಲಬೇಕಾದ ಪರಿಹಾರ ಕೊಡಿ. ಅದಕ್ಕೆ ಕಡತ, ಸಹಿ, ಸಭೆ ಬೇಕೆಂದರೆ ಕಾಯುತ್ತೇವೆ. ಆದರೆ ಇವತ್ತು, ಈ ಪತ್ರ ಕೆಳಗಿಡುವ ಮೊದಲು, ಏಳು ಜನರಿಗೆ ಏಳು ಫೋನ್ ಮಾಡಿಸಿ. 'ಯಂತ್ರ ನಿಲ್ಲಿಸಿ' ಎನ್ನಲು ಅರ್ಧ ಗಂಟೆಯೂ ಬೇಡ. ಅವರ ನಂಬರು ನನ್ನಲ್ಲಿಲ್ಲ. ತಮ್ಮಲ್ಲಿದೆ.

ಇಂತಿ,
ಈ ತಪ್ಪಿನಲ್ಲಿ ತಮ್ಮ ಪಾಲುದಾರ,
ಇಲಿಯಾಸ್, ಮೆಕ್ಯಾನಿಕ್, ಆಲ್ದೂರು